ನೆರೆ ಬರುವ ದಿನ ನನಗೆ ಗೊತ್ತಿತ್ತು

ಹೋದ ತಿಂಗಳು ಬಚ್ಚಲುಮನೆಗೆ ಟೈಲ್ಸ್ ಹುಡುಕಿಕೊಂಡು ಶಿವಮೊಗ್ಗದ ಸವಳಂಗ ರಸ್ತೆಗೆ ಹೋಗಿದ್ದೆ. ಅಂಗಡಿಯವನು "ಹೊಸ ಮಾಲು ಮೇಲ್ಗಡೆ ಗೋಡೌನಲ್ಲಿದೆ ಮೇಡಂ, ಬನ್ನಿ" ಅಂತ ಪಕ್ಕದ ಕಟ್ಟಡದ ಹಿಂಬದಿಯ ಮೆಟ್ಟಿಲು ತೋರಿಸಿದ. ನಾಲ್ಕು ಮೆಟ್ಟಿಲು ಹತ್ತಿರಬೇಕು, ಆ ವಾಸನೆ ಮೂಗಿಗೆ ಬಡಿಯಿತು. ಕೆಳಗಿನ ಬ್ಯಾಟರಿ ಅಂಗಡಿಯ ಆಸಿಡ್ಡು, ಮಳೆನೀರು ಕುಡಿದ ಗೋಡೆ, ಎರಡೂ ಸೇರಿದ ಒಂಥರಾ ಹುಳಿ ವಾಸನೆ. ಮುಂಭಾಗಕ್ಕೆ ನೀಲಿ ಗಾಜು ಬಂದಿದ್ದರಿಂದ ಕಟ್ಟಡದ ಗುರುತು ಸಿಕ್ಕಿರಲಿಲ್ಲ. ಮೂಗಿಗೆ ಸಿಕ್ಕಿತು.

"ಬೇಡ ಬಿಡಿ, ಕೆಳಗಿರೋದನ್ನೇ ತೋರಿಸಿ" ಅಂದು ಇಳಿದುಬಿಟ್ಟೆ. ಈ ಹೆಂಗಸು ಇದ್ದಕ್ಕಿದ್ದಂತೆ ಯಾಕೆ ಮುಖ ಸಿಂಡರಿಸಿದಳು ಅಂತ ಅವನಿಗೆ ಅರ್ಥವಾಗಿರಲಿಕ್ಕಿಲ್ಲ. ಆ ಮೆಟ್ಟಿಲ ಮೇಲೆ ನನಗಿರುವ ಸಿಟ್ಟು ಇಷ್ಟು ವರ್ಷವಾದರೂ ಆರಿಲ್ಲ. ಅದರಲ್ಲಿ ಅರ್ಧ ಸಿಟ್ಟು ನನ್ನ ಮೇಲಿನದೇ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ.

ಆ ಮಹಡಿಯಲ್ಲಿ ಆಗ ಒಂದು ಆನ್‌ಲೈನ್ ಗೇಮ್ ಕಂಪನಿ ಇತ್ತು. ಕಂಪನಿ ಅಂದರೆ ಹನ್ನೊಂದು ಜನ, ಒಂದು ಹಾಲು, ಸದಾ ಸೋರುವ ಒಂದು ಬಾತ್‌ರೂಮು. ನಮ್ಮ ಆಟದ ಹೆಸರು ಹೊಳೆಕೋಟೆ. ಹೊಳೆಯ ದಂಡೆಯ ಮೇಲೆ ಕೋಟೆ ಕಟ್ಟಬೇಕು, ದಂಡು ಸಾಕಬೇಕು, ನಲವತ್ತು ಜನ ಸೇರಿ ಒಂದು ಪಡೆ ಮಾಡಿಕೊಂಡು ಇನ್ನೊಂದು ಪಡೆಯ ಕೋಟೆ ಹಿಡಿಯಬೇಕು. ಆಗಾಗ ಹೊಳೆಗೆ ನೆರೆ ಬರುತ್ತಿತ್ತು. ನೆರೆ ಬಂದ ದಿನ ತಗ್ಗಿನಲ್ಲಿದ್ದ ಕೋಟೆಗಳೆಲ್ಲ ಕೊಚ್ಚಿಹೋಗುತ್ತಿದ್ದವು. ಅದು ಯಾವತ್ತು ಬರುತ್ತದೆ ಅಂತ ಆಟಗಾರರಿಗೆ ಗೊತ್ತಿರುತ್ತಿರಲಿಲ್ಲ. ಆಟದ ಮಜವೆಲ್ಲ ಅದರಲ್ಲೇ ಇತ್ತು. ತಗ್ಗಿನಲ್ಲಿದ್ದರೆ ಬೆಳೆ ಜಾಸ್ತಿ, ದಿಬ್ಬ ಹತ್ತಿದರೆ ಜೀವ ಗಟ್ಟಿ. ಯಾವಾಗ ಹತ್ತಬೇಕು ಅನ್ನುವುದು ಅವರವರ ಧೈರ್ಯ.

ನಾನು ದೂರು ವಿಭಾಗದಲ್ಲಿದ್ದೆ. ಭದ್ರಾವತಿಯ ಜನ್ನಾಪುರದಿಂದ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಶಿವಮೊಗ್ಗ, ಅಲ್ಲಿಂದ ನವುಲೆ ಕಡೆಯ ಸಿಟಿ ಬಸ್ಸು. ಆಟಗಾರರು ಬರೆಯುವ ದೂರು ಓದುವುದು, ಉತ್ತರ ಕೊಡುವುದು, ಬೈಗುಳ ಬರೆದವರಿಗೆ ಎಚ್ಚರಿಕೆ ಕಳಿಸುವುದು ನನ್ನ ಕೆಲಸ. ಇನ್ನೊಂದೂ ಇತ್ತು. ಮೋಸ ಮಾಡಿ ಸಿಕ್ಕಿಬಿದ್ದವರ ಹೆಸರನ್ನು ಪ್ರತಿ ಶನಿವಾರ ಆಟದೊಳಗೆ ಎಲ್ಲರಿಗೂ ಕಾಣುವಂತೆ ಪಟ್ಟಿ ಮಾಡಿ ಹಾಕಬೇಕಿತ್ತು. ಅದನ್ನು ನಾನು ಬಹಳ ಹೆಮ್ಮೆಯಿಂದ ಮಾಡುತ್ತಿದ್ದೆ. ಆಗಿನ ನನ್ನ ಹೆಮ್ಮೆ ನೆನೆದರೆ ಈಗ ಹೇಸಿಗೆಯಾಗುತ್ತದೆ.

ಜೂನ್ ತಿಂಗಳ ಮಧ್ಯದಲ್ಲಿ ಮಾಲೀಕರಾದ ವಿನಯ್ ಸರ್ ಒಂದು ಮೀಟಿಂಗ್ ಕರೆದರು. ಹೊರಗೆ ಮಳೆ ಹಿಡಿದುಕೊಂಡಿತ್ತು, ಒಳಗೆ ಕರೆಂಟ್ ಹೋಗಿ ಬಂದು ಮಾಡುತ್ತಿತ್ತು.

"ಇವತ್ತಿಂದ ಎಲ್ಲರೂ ಹೊಳೆಕೋಟೆ ಆಡಬೇಕು. ನಮ್ಮ ಹೋಟ್ಲು ಊಟ ನಾವೇ ಉಣ್ಣಲ್ಲ ಅಂದ್ರೆ ಗಿರಾಕಿ ಯಾಕೆ ಉಣ್ತಾನೆ?" ಅಂದರು.

ನಾನು ಕೈಯೆತ್ತಿದೆ. "ಸರ್, ನಾನು ದೂರು ನೋಡೋಳು. ಇಬ್ಬರು ಜಗಳ ತಗೊಂಡು ಬಂದಾಗ ಅದ್ರಲ್ಲಿ ಒಬ್ಬ ನನ್ನ ಪಡೆಯೋನೇ ಆಗಿದ್ರೆ ಏನ್ ಮಾಡ್ಲಿ?"

ಮೂಲೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಗಿರೀಶ ನಕ್ಕ. ಆಟದ ನಿಯಮಗಳನ್ನೆಲ್ಲ ಮಾಡುತ್ತಿದ್ದವನು ಅವನು. ಯಾವ ಕತ್ತಿಗೆ ಎಷ್ಟು ಬಲ, ನೆರೆ ಯಾವ ದಿನ, ಎಲ್ಲ ಅವನ ಕೈಯಲ್ಲಿತ್ತು. "ಅಂದ್ರೆ ಅಂಪೈರ್ ಆಗೋನು ಜನ್ಮದಲ್ಲಿ ಕ್ರಿಕೆಟ್ಟೇ ಆಡಿರಬಾರದಾ ಶೈಲಾ?"

"ಆಡಿರಬಹುದು. ಅದೇ ಮ್ಯಾಚಲ್ಲಿ ಬ್ಯಾಟು ಹಿಡ್ಕೊಂಡು ನಿಂತಿರಲ್ಲ."

ಎಲ್ಲರೂ ನಕ್ಕರು. ಗಿರೀಶನಿಗೆ ಅದು ನಾಟಿತು ಅಂತ ಕಾಣುತ್ತದೆ, ಮೊಬೈಲ್ ತೆಗೆದು ನಾನು ಹಿಂದಿನ ವಾರ ಒಬ್ಬ ಆಟಗಾರನಿಗೆ ಬರೆದ ಉತ್ತರವನ್ನು ಗಟ್ಟಿಯಾಗಿ ಓದಿದ. ಆ ಆಟಗಾರ, ಮರದ ಸೇತುವೆ ದಾಟುವಾಗ ನನ್ನ ದಂಡು ಮಾಯವಾಗುತ್ತಿದೆ ಅಂತ ದೂರು ಕೊಟ್ಟಿದ್ದ. ನಾನು, ದಯವಿಟ್ಟು ನಿಮ್ಮ ಫೋನ್ ಆಫ್ ಮಾಡಿ ಮತ್ತೆ ಆನ್ ಮಾಡಿ ನೋಡಿ ಅಂತ ಬರೆದಿದ್ದೆ. ಅದು ಫೋನಿನ ತಪ್ಪಾಗಿರಲಿಲ್ಲ, ನಮ್ಮ ಆಟದ್ದೇ ತಪ್ಪು. ಒಂದು ವಾರ ಆಡಿದವರಿಗೆಲ್ಲ ಗೊತ್ತಿದ್ದ ತಪ್ಪು.

"ಸೇತುವೆ ಮೇಲೆ ನಿಂತು ನೋಡದೇ ಇರೋಳು ಸೇತುವೆ ಬಗ್ಗೆ ಉತ್ತರ ಕೊಡ್ತಾಳೆ" ಅಂದ. ಈ ಸಲ ನಗು ಅವನ ಕಡೆಗಿತ್ತು.

ಅವನು ಹೇಳಿದ್ದು ನಿಜವೇ. ಆ ನಿಜವನ್ನು ಅವನ ಬಾಯಿಂದ ಕೇಳಬೇಕಾಯಿತಲ್ಲ ಅಂತ ಹೊಟ್ಟೆ ಉರಿಯಿತು. ಮೀಟಿಂಗ್ ಮುಗಿಯುವಾಗ ಎಲ್ಲರೂ ತಮ್ಮ ಆಟದ ಹೆಸರನ್ನು ಒಂದು ಹಾಳೆಯಲ್ಲಿ ಬರೆದುಕೊಡಬೇಕು, ಆದರೆ ಹೊರಗಿನವರಿಗೆ ನಾವು ಕಂಪನಿಯವರು ಅಂತ ಹೇಳಬಾರದು ಅಂತ ಆಯಿತು. ಆ ಎರಡನೇ ಮಾತಿಗೆ ಯಾರೂ ಯಾಕೆ ಅಂತ ಕೇಳಲಿಲ್ಲ. ನಾನೂ ಕೇಳಲಿಲ್ಲ. ಹಂಚಿಕಡ್ಡಿ ಅಂತ ನನ್ನ ಹೆಸರು ಬರೆದುಕೊಟ್ಟೆ.

ಅದೇ ವಾರ ಬ್ಲೌಸ್ ಕೊಡಲು ಸೆಲ್ವಕ್ಕನ ಅಂಗಡಿಗೆ ಹೋದೆ. ಸೆಲ್ವಕ್ಕ ಜನ್ನಾಪುರದಲ್ಲಿ ನಮ್ಮ ಹಿಂದಿನ ಬೀದಿಯವರು. ಅವರ ತಾತ ಕಾರ್ಖಾನೆ ಕೆಲಸಕ್ಕೆ ಅಂತ ಸೇಲಂ ಕಡೆಯಿಂದ ಬಂದವರು. ನನ್ನ ಅಪ್ಪನೂ ಅವರ ಅಪ್ಪನೂ ಒಂದೇ ಶಿಫ್ಟಿನಲ್ಲಿದ್ದವರು. ನಲವತ್ತೈದರ ಆಸುಪಾಸು, ಗಟ್ಟಿ ಗಂಟಲು. ಹೊಲಿಗೆ ಮೆಷಿನ್ನಿನ ಮೇಲೆ ದಾರದ ಡಬ್ಬಕ್ಕೆ ಫೋನ್ ಆನಿಸಿಟ್ಟುಕೊಂಡು ಕೂಗುತ್ತಿದ್ದರು.

"ಡೇಯ್, ಬಲಗಡೆ ಯಾಕ್ರೋ ಹೋಗ್ತೀರಾ? ನಾನೇನು ಹೇಳ್ದೆ? ಎಡಕ್ಕೆ ಬನ್ನಿ! ಸರ್, ನೀವು ಸುಮ್ನೆ ನಿಂತ್ಕೊಳ್ಳಿ, ನಿಮ್ಮ ಕೈಲಾಗಲ್ಲ."

ಫೋನಿನ ಪರದೆಯಲ್ಲಿ ನಮ್ಮ ಹೊಳೆ ಹರಿಯುತ್ತಿತ್ತು.

ಆಮೇಲೆ ತಿಳಿಯಿತು, ಮೂರು ಜಿಲ್ಲೆಯ ಆಟಗಾರರು ಹೆದರುತ್ತಿದ್ದ ಕತ್ರಿ ಪಡೆಯ ಯಜಮಾನಿ ಇವರೇ ಅಂತ. ಅವರು ಸುಮ್ಮನಿರಿ ಅಂತ ಗದರಿದ್ದು ತರೀಕೆರೆಯ ಒಬ್ಬ ಕಾಲೇಜು ಮೇಷ್ಟ್ರಿಗೆ. ಅಡಿಕೆ ಸುಲಿಯುವ ಹೆಂಗಸರು, ಬ್ಯಾಂಕಿನ ಕಾವಲುಗಾರ, ಲ್ಯಾಬ್ ಟೆಕ್ನಿಷಿಯನ್ನು, ಹೀಗೆ ನಲವತ್ತು ಜನ ಇವರ ಮಾತು ಕೇಳಿ ಎಡಕ್ಕೂ ಬಲಕ್ಕೂ ಹೋಗುತ್ತಿದ್ದರು. ದಿನಾ ಸಂಜೆ ಏಳರಿಂದ ಎಂಟು ಯುದ್ಧ. ಆ ಒಂದು ಗಂಟೆ ಸೆಲ್ವಕ್ಕ ಯಾರ ಅಳತೆಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ.

"ನೀನೂ ಆಡ್ತೀಯಾ? ಬಾ ನಮ್ಮ ಪಡೆಗೆ" ಅಂದರು. "ಏನ್ ಕೆಲಸ ಈಗ ನಿಂದು?"

"ಶಿವಮೊಗ್ಗದಲ್ಲಿ ಕಂಪ್ಯೂಟರ್ ಆಫೀಸು ಅಕ್ಕ."

ಅಷ್ಟೇ ಹೇಳಿದ್ದು. ಸುಳ್ಳಲ್ಲ. ಸುಳ್ಳಿಗಿಂತ ಕೆಟ್ಟದ್ದು.

ಜುಲೈ ತಿಂಗಳಿಡೀ ಚೆನ್ನಾಗಿತ್ತು, ಇಲ್ಲ ಅಂದರೆ ಅದೂ ಸುಳ್ಳಾಗುತ್ತದೆ. ಸಂಜೆ ಬಸ್ಸಿಳಿದವಳೇ ಮನೆಗೂ ಹೋಗದೆ ಸೆಲ್ವಕ್ಕನ ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದೆ. ಕೊಡೆಯಿಂದ ನೀರಿಳಿದು ನೆಲದ ಮೇಲಿನ ಚಿಂದಿ ಬಟ್ಟೆಗಳೆಲ್ಲ ಒದ್ದೆಯಾಗುತ್ತಿದ್ದವು. ನಾನು ಸೋಲುವುದು, ಅವರು ಬೈಯುವುದು, ಕಾಫಿ ತರಿಸುವುದು. ನನ್ನ ಉತ್ತರಗಳೂ ಸುಧಾರಿಸಿದವು. ಸೇತುವೆಯ ತಪ್ಪನ್ನು ನಾನೇ ಬರೆದುಕೊಟ್ಟು ಸರಿ ಮಾಡಿಸಿದೆ. ಅಷ್ಟರಮಟ್ಟಿಗೆ ಗಿರೀಶನ ಮಾತು ಸರಿ ಅಂತ ಒಪ್ಪಿಕೊಂಡಿದ್ದೆ ಕೂಡ.

ಆ ವರ್ಷ ಕಂಪನಿ ಒಂದು ಪಂದ್ಯಾವಳಿ ಇಟ್ಟಿತ್ತು. ಗೆದ್ದ ಪಡೆಯನ್ನು ಶಿವಮೊಗ್ಗದಲ್ಲಿ ವೇದಿಕೆಗೆ ಕರೆದು ಸನ್ಮಾನ ಮಾಡುವುದು ಅಂತ. ಸೆಲ್ವಕ್ಕನಿಗೆ ಆ ವೇದಿಕೆಯ ಮೇಲೆ ಕಣ್ಣಿತ್ತು. "ಹತ್ತು ವರ್ಷದಿಂದ ಊರೋರಿಗೆಲ್ಲ ಫಂಕ್ಷನ್ನಿಗೆ ಬಟ್ಟೆ ಹೊಲಿದುಕೊಟ್ಟಿದೀನಿ. ಈ ಸಲ ನನ್ನ ಫಂಕ್ಷನ್ನಿಗೆ ನಾನೇ ಹೊಲ್ಕೋತೀನಿ" ಅನ್ನುತ್ತಿದ್ದರು. ಎದುರಿಗಿದ್ದದ್ದು ಸಿಡಿಲು ಅನ್ನುವವನ ಪಡೆ. ಅವನು ಯಾರು, ಎಲ್ಲಿಯವನು ಯಾರಿಗೂ ಗೊತ್ತಿರಲಿಲ್ಲ. ಒಮ್ಮೆಯೂ ನೆರೆಗೆ ಸಿಕ್ಕವನಲ್ಲ. ಪ್ರತಿ ಸಲವೂ ನೆರೆಯ ಹಿಂದಿನ ದಿನ ಅವನ ಪಡೆ ದಿಬ್ಬ ಹತ್ತಿರುತ್ತಿತ್ತು.

ಜುಲೈ ಕೊನೆಯಲ್ಲಿ ಕತ್ರಿ ಪಡೆ ಅವನ ಒಂದು ಠಾಣೆ ಹಿಡಿಯಿತು. ಅರ್ಧ ಗಂಟೆಯೊಳಗೆ ಆಟದಲ್ಲಿ ಎಲ್ಲರಿಗೂ ಕಾಣುವ ಗೋಡೆಯ ಮೇಲೆ ಅವನು ಬರೆದ: "ಬ್ಲೌಸಿಗೆ ಹುಕ್ಕು ಹಾಕೋಕೆ ಹೋಗು ಆಂಟಿ. ಇದು ಗಂಡಸರ ಆಟ."

ಸೆಲ್ವಕ್ಕ ಓದಿ ನಕ್ಕರು. "ಹುಕ್ಕು ಹಾಕೋದು ಎಷ್ಟು ಕಷ್ಟ ಅಂತ ಈ ನಾಯಿಗೇನು ಗೊತ್ತು?" ಅಂದರು. ಆದರೆ ಅವರ ಕಾಲು ಮೆಷಿನ್ನಿನ ಪೆಡಲಿನ ಮೇಲೆ ಹಾಗೇ ನಿಂತುಬಿಟ್ಟಿತ್ತು. ಬಹಳ ಹೊತ್ತು ತುಳಿಯಲಿಲ್ಲ.

ಮರುದಿನ ಆಫೀಸಿಗೆ ಹೋದವಳೇ ಸಿಡಿಲಿಗೆ ಎಚ್ಚರಿಕೆ ಕಳಿಸಿದೆ, ಮೂರು ದಿನ ಗೋಡೆಯ ಮೇಲೆ ಬರೆಯದಂತೆ ಬಾಯಿ ಕಟ್ಟಿದೆ. ಎರಡು ಗಂಟೆಯಲ್ಲಿ ಯಾರೋ ಅದನ್ನು ತೆಗೆದುಹಾಕಿದ್ದರು. ಹಾಗೆ ತೆಗೆಯಲು ಆಫೀಸಿನೊಳಗಿನವರಿಗೆ ಮಾತ್ರ ಸಾಧ್ಯ. ಮಧ್ಯಾಹ್ನ ಊಟದ ಹೊತ್ತಿಗೆ ಗಿರೀಶನ ಹಿಂದೆ ನೀರು ಹಿಡಿಯಲು ನಿಂತಿದ್ದೆ. ಅವನ ಟಿಫಿನ್ ಬಾಕ್ಸಿನ ಮರೆಯಲ್ಲಿ ಇನ್ನೊಂದು ಫೋನಿತ್ತು. ಅದರ ಮೇಲೆ ಸಿಡಿಲಿನ ಬಾವುಟ. ವಾಪಸು ಬಂದು ದಾಖಲೆ ತೆಗೆದು ನೋಡಿದರೆ, ಸಿಡಿಲು ತಿಂಗಳುಗಟ್ಟಲೆ ನಮ್ಮ ಆಫೀಸಿನ ವೈಫೈಯಲ್ಲೇ ಕೂತು ಆಡಿದ್ದ. ಹಾಳೆಯಲ್ಲಿ ಗಿರೀಶ ಬರೆದುಕೊಟ್ಟಿದ್ದು ಬೇರೆಯೇ ಹೆಸರು.

ನೆರೆಯ ದಿನ ಗೊತ್ತುಮಾಡುವವನೇ ನೆರೆಗೆ ಸಿಕ್ಕಿಕೊಳ್ಳದ ವೀರ!

ಆಗ ನಾನು ಮಾಡಬೇಕಿದ್ದದ್ದು ಒಂದೇ. ಆ ದಾಖಲೆ ತೆಗೆದುಕೊಂಡು ವಿನಯ್ ಸರ್ ಮುಂದಿಡುವುದು. ಆದರೆ ನನಗೆ ಆ ಹೊತ್ತಿಗೆ ನ್ಯಾಯ ಬೇಕಿರಲಿಲ್ಲ, ಗೆಲುವು ಬೇಕಿತ್ತು. ದೂರು ವಿಭಾಗದ ಹೆಣ್ಣು ನನ್ನೊಳಗೆ ಎಲ್ಲೋ ಕರಗಿಹೋಗಿ ಕತ್ರಿ ಪಡೆಯ ಹಂಚಿಕಡ್ಡಿ ಮಾತ್ರ ಉಳಿದಿದ್ದಳು. ನೆರೆ ಬಂದ ಮೇಲೆ ದೂರುಗಳು ರಾಶಿ ಬೀಳುತ್ತವೆ ಅಂತ ನನಗೂ ಆ ದಿನಾಂಕವನ್ನು ಮೊದಲೇ ಕೊಟ್ಟಿರುತ್ತಿದ್ದರು. ಮುಂದಿನ ನೆರೆ ಗುರುವಾರಕ್ಕಿತ್ತು. ಅದು ಸೆಮಿಫೈನಲ್ ದಿನ, ನಮ್ಮೆದುರು ಇದ್ದದ್ದು ಸಿಡಿಲಲ್ಲ, ಬೇರೊಂದು ಪಡೆ.

ಬುಧವಾರ ಸಂಜೆ ಸೆಲ್ವಕ್ಕನಿಗೆ ಹೇಳಿದೆ. "ಅಕ್ಕಾ, ನಾಳೆ ಹೊಳೆ ಏರುತ್ತೆ ಅನ್ಸುತ್ತೆ. ಇವತ್ತೇ ದಿಬ್ಬ ಹತ್ತಿಬಿಡೋಣ."

"ಹೆಂಗ್ ಹೇಳ್ತೀಯಾ?"

"ಅಂದಾಜು."

ಅವರು ನನ್ನ ಮುಖ ನೋಡಿದರು. ಅನುಮಾನವಿರಲಿಲ್ಲ ಆ ನೋಟದಲ್ಲಿ. "ಸರಿ, ಎಲ್ಲರೂ ಮೇಲಕ್ಕೆ ಬನ್ರೋ" ಅಂತ ಕೂಗಿದರು. ಮರುದಿನ ಎದುರಾಳಿಗಳ ಕೋಟೆಗಳೆಲ್ಲ ತೇಲಿಹೋದವು. ಕತ್ರಿ ಪಡೆ ದಿಬ್ಬದ ಮೇಲಿಂದ ಇಳಿದು ಗೆದ್ದಿತು. ನಲವತ್ತು ಜನರ ಎದುರು ಸೆಲ್ವಕ್ಕ, "ನಮ್ಮ ಹಂಚಿಕಡ್ಡಿಗೆ ಹೊಳೆಯ ಗುಣ ಗೊತ್ತು ಕಣ್ರೋ" ಅಂತ ಹೊಗಳಿದರು. ನಾನು ನಕ್ಕೆ. ಅದೇ ವಾರ ನಿಜವಾದ ಭದ್ರೆಗೆ ಡ್ಯಾಮಿನ ಗೇಟು ತೆಗೆದಿದ್ದರು. ಹೊಳೆ ದಂಡೆಯವರು ಹುಷಾರಾಗಿರಿ ಅಂತ ಆಟೋದಲ್ಲಿ ಮೈಕು ಕಟ್ಟಿಕೊಂಡು ಬೀದಿ ಬೀದಿಯಲ್ಲಿ ಸಾರಿಕೊಂಡು ಹೋಗಿದ್ದರು. ನಿಜದ ನೀರು ಬಿಡುವವರು ಊರಿಗೆಲ್ಲ ಹೇಳಿ ಬಿಟ್ಟರು. ನಾನು ನನ್ನವರಿಗೆ ಮಾತ್ರ ಹೇಳಿದ್ದೆ.

ಸೋತವರು ಸುಮ್ಮನಿರಲಿಲ್ಲ. ಸಿಡಿಲು, ಕತ್ರಿ ಈ ಎರಡು ಪಡೆಗಳಿಗೆ ಮಾತ್ರ ನೆರೆ ಹೇಗೆ ಗೊತ್ತಾಗುತ್ತದೆ ಅಂತ ದೂರಿನ ಮೇಲೆ ದೂರು ಬಂದವು. ಎಲ್ಲ ನನ್ನ ಮೇಜಿಗೇ. ಆಗ ಹೆದರಿಕೆಯಾಯಿತು. ಗಿರೀಶನ ದಾಖಲೆಯನ್ನು ಪ್ರಿಂಟ್ ತೆಗೆದುಕೊಂಡು ವಿನಯ್ ಸರ್ ಕೋಣೆಗೆ ಹೋದೆ. ಅವರು ಗಿರೀಶನನ್ನು ಕರೆಸಿದರು. ಅವನು ಬಾಗಿಲಿಗೆ ಒರಗಿ ನಿಂತು ಹೇಳಿದ:

"ಹಂಚಿಕಡ್ಡಿಯೋರು ಎಷ್ಟು ದಿನಕ್ಕೆ ಬರ್ತಾರೆ ಅಂತ ಕಾಯ್ತಿದ್ದೆ. ಬುಧವಾರ ಸಂಜೆ ಪಡೆನೆಲ್ಲ ದಿಬ್ಬ ಹತ್ತಿಸ್ದೋರು ಯಾರು ಶೈಲಾ?"

ನಾನು ಕೈಯಲ್ಲಿದ್ದ ಪ್ರಿಂಟನ್ನು ಮಡಿಸಿದೆ. ಅವನೇ ಮುಂದುವರಿಸಿದ:

"ನಾನಾದ್ರೂ ಆಟ ಮಾಡಿದೋನು. ನನ್ನ ಆಟ ಎಲ್ಲಿ ಬಿಗಿಯಾಗಿದೆ, ಎಲ್ಲಿ ಸಡಿಲ ಅಂತ ಆಡಿಯೇ ನೋಡಬೇಕು. ನೀನು ಯಾಕೆ ಹೇಳ್ಕೊಟ್ಟೆ?"

"ನೀನು ಆಡಿ ನೋಡಿದ್ದಲ್ಲ, ಆಡಿ ಗೆದ್ದಿದ್ದು. ಹೆಂಗಸರಿಗೆ ಬೈದಿದ್ದೂ ಆಟ ನೋಡೋಕಾ?" ಅಂತ ಕಿರುಚಿದೆ.

ವಿನಯ್ ಸರ್ ಇಬ್ಬರಿಗೂ ಸುಮ್ಮನಿರಲು ಹೇಳಿದರು. ಅವರಿಗೆ ಯಾರು ತಪ್ಪು ಅನ್ನುವ ಚಿಂತೆ ಇರಲಿಲ್ಲ. ಕಂಪನಿಯವರೇ ಮೋಸ ಮಾಡಿದರು ಅಂತ ಹೊರಗೆ ಗೊತ್ತಾಗಬಾರದು, ಅಷ್ಟೇ. ಹತ್ತು ನಿಮಿಷ ಯೋಚಿಸಿ ಹೇಳಿದರು: ಸಿಡಿಲು ಪಂದ್ಯದಿಂದ ಹಿಂದೆ ಸರಿಯುತ್ತಾನೆ, ಮನೆಯ ಕಾರಣ ಅಂತ ಬರೆಯುತ್ತಾನೆ. ಆದರೆ ದೂರು ಕೊಟ್ಟವರಿಗೆ ಯಾರನ್ನಾದರೂ ತೋರಿಸಬೇಕಲ್ಲ? ಕತ್ರಿ ಪಡೆಯ ಯಜಮಾನಿ ಅಕ್ರಮ ತಂತ್ರಾಂಶ ಬಳಸಿದಳು ಅಂತ ಅವಳ ಖಾತೆ ಅಳಿಸುವುದು.

"ಸರ್, ಅವರಿಗೆ ಏನೂ ಗೊತ್ತಿಲ್ಲ."

"ಗೊತ್ತಿಲ್ದೇ ಇರಬಹುದು. ಗೆದ್ದಿದ್ದು ಅವರೇ ತಾನೆ? ಶನಿವಾರದ ಪಟ್ಟಿ ನಿಂದೇ ಕೆಲಸ. ಹಾಕು. ಇಲ್ಲ ಅಂದ್ರೆ ನಿನ್ನ ಹೆಸರು ಹಾಕಬೇಕಾಗುತ್ತೆ."

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಆಟದಲ್ಲಿ ಸೆಲ್ವಕ್ಕನ ಹೆಸರಾಗಿದ್ದ ಕತ್ರಿ ಅನ್ನುವ ಎರಡಕ್ಷರವನ್ನು ಪಟ್ಟಿಯಲ್ಲಿ ಬರೆದು ಒತ್ತಿದೆ. ಕೈ ನಡುಗಿತು ಅಂತ ಬರೆದರೆ ಓದುವವರಿಗೆ ನನ್ನ ಮೇಲೆ ಸ್ವಲ್ಪ ಕನಿಕರ ಹುಟ್ಟೀತು. ನಡುಗಲಿಲ್ಲ. ಮಾಮೂಲಿನಂತೆ ಒತ್ತಿದೆ.

ಆ ಸಂಜೆ ಬಸ್ಸಿಳಿದು ಇನ್ನೊಂದು ಬೀದಿ ಬಳಸಿ ಮನೆಗೆ ಹೋದೆ. ಅಮ್ಮ ಹೇಳಿದಳು, ಸೆಲ್ವಿ ಅದ್ಯಾವುದೋ ಮೊಬೈಲಲ್ಲಿ ಮೋಸ ಮಾಡಿ ಸಿಕ್ಕಿಬಿದ್ದಳಂತೆ ಅಂತ. ಆಟ ಅಂದರೇನು ಅಂತ ಗೊತ್ತಿಲ್ಲದ ನನ್ನಮ್ಮನವರೆಗೂ ಸುದ್ದಿ ಬಂದಿತ್ತು. ಪಡೆಯ ನಲವತ್ತು ಜನರಲ್ಲಿ ಮೂವತ್ತು ಜನ ಎರಡೇ ದಿನದಲ್ಲಿ ಬಿಟ್ಟುಹೋದರು. ಹೋಗುವ ಮೊದಲು ಬೈದು ಹೋದರು. ಅಂಗಡಿಯ ಷಟರಿನ ಮೇಲೆ ಯಾರೋ ಸುಣ್ಣದಲ್ಲಿ ಕತ್ತರಿಯ ಚಿತ್ರ ಬರೆದು ಕಳ್ಳಿ ಅಂತ ಗೀಚಿದ್ದರು.

ಸೋಮವಾರ ಅವರ ಮೊದಲ ದೂರು ಬಂತು, ನನ್ನ ಮೇಜಿಗೇ. "ಸ್ವಾಮಿ, ನಾನು ಯಾವ ತಂತ್ರಾಂಶ ಬಳಸಿದೆ ದಯವಿಟ್ಟು ತಿಳಿಸಿ. ನನಗೆ ಅದರ ಹೆಸರೂ ಗೊತ್ತಿಲ್ಲ." ಬುಧವಾರ ಎರಡನೆಯದು. "ನನ್ನ ಫೋನ್ ತಂದು ನಿಮ್ಮ ಕೈಗೇ ಕೊಡುತ್ತೇನೆ. ಎಲ್ಲ ಬಿಚ್ಚಿ ನೋಡಿ." ಶುಕ್ರವಾರ ಮೂರನೆಯದು, ಒಂದೇ ಸಾಲು. "ನಾನು ಮಾಡಿಲ್ಲ ಅಂತ ನನ್ನ ಗಂಡನೂ ನಂಬುತ್ತಿಲ್ಲ." ಮೂರಕ್ಕೂ ನಾನು ಕೊಟ್ಟ ಉತ್ತರ ಒಂದೇ. ಕೂಲಂಕಷವಾಗಿ ಪರಿಶೀಲಿಸಲಾಗಿದೆ, ನಿರ್ಧಾರದಲ್ಲಿ ಬದಲಾವಣೆ ಇಲ್ಲ, ಧನ್ಯವಾದಗಳು.

ಮರುವಾರದ ಮಂಗಳವಾರ ಮಧ್ಯಾಹ್ನ, ಊಟ ಮುಗಿಸಿ ಮೆಟ್ಟಿಲ ತಲೆಯಲ್ಲಿದ್ದ ನಲ್ಲಿಯಲ್ಲಿ ಡಬ್ಬಿ ತೊಳೆಯುತ್ತಿದ್ದೆ. ಕೆಳಗಿಂದ ಯಾರೋ ಏದುಸಿರು ಬಿಡುತ್ತಾ ಹತ್ತುವ ಸದ್ದು. ಸೀರೆಯ ಅಂಚೆಲ್ಲ ಒದ್ದೆ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಫೋನು. ಸೆಲ್ವಕ್ಕ ನನ್ನನ್ನು ನೋಡಿದರು. ಅವರ ಮುಖ ಅರಳಿತು. ಆ ವಾರದಲ್ಲಿ ತನ್ನ ಕಡೆಯವರದ್ದು ಅನ್ನಿಸಿದ ಮೊದಲ ಮುಖ ನನ್ನದಾಗಿತ್ತೇನೋ.

"ಅಯ್ಯೋ ಶೈಲಾ! ನಿನ್ನ ಹೆಸರೂ ಹಾಕಿದ್ರಾ ಇವ್ರು? ನೀನೂ ಕೇಳೋಕೆ ಬಂದ್ಯಾ? ಬಾ, ಇಬ್ಬರೂ ಒಟ್ಟಿಗೇ ಕೇಳೋಣ."

ನಾನು ನಲ್ಲಿ ನಿಲ್ಲಿಸಿದೆ. ಒಳಗಿಂದ ವಿನಯ್ ಸರ್ ಕೂಗಿದರು. "ಶೈಲಾ, ಯಾರದು? ದೂರಿನೋರಾದ್ರೆ ಮೇಲ್ ಕಳಿಸೋಕೆ ಹೇಳಿ ಕಳಿಸು."

ಸೆಲ್ವಕ್ಕನ ಕಣ್ಣು ನನ್ನ ಮುಖದಿಂದ ಕೊರಳಿಗೆ ಇಳಿಯಿತು. ಅಲ್ಲಿ ಕಂಪನಿಯ ಬಿಲ್ಲೆ ನೇತಾಡುತ್ತಿತ್ತು.

"ನೀನು ಇಲ್ಲಿ ಕೆಲಸ ಮಾಡ್ತೀಯಾ?"

"ಹೌದಕ್ಕ."

"ನಾನು ಮೂರು ಸಲ ಬರ್ದೆ."

"ನಾನೇ ಓದಿದೆ."

"ಉತ್ತರ?"

"ನಾನೇ ಬರೆದೆ."

"ಪಟ್ಟಿ?"

"ನಾನೇ ಹಾಕಿದೆ."

ಅವರು ಕೊಡೆಯನ್ನು ಗೋಡೆಗೆ ಆನಿಸಿದರು. ಅದು ಜಾರಿ ಬಿತ್ತು, ಎತ್ತಿಕೊಳ್ಳಲಿಲ್ಲ. ಬಹಳ ಮೆಲ್ಲಗೆ ಕೇಳಿದರು. "ಹಂಗಾದ್ರೆ ಆ ಗುರುವಾರದ ನೆರೆ..."

"ಗೊತ್ತಿತ್ತಕ್ಕ. ನನಗೆ ಮೊದಲೇ ಗೊತ್ತಿತ್ತು."

ಬೈಯುತ್ತಾರೆ, ಹೊಡೆಯುತ್ತಾರೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಅಂದ್ರೆ ನಾನು ನಿಜವಾಗ್ಲೂ ಮೋಸದಲ್ಲೇ ಗೆದ್ದಿದ್ದು. ಮಾಡಿಲ್ಲ, ಮಾಡಿಲ್ಲ ಅಂತ ಮಾರಿಯಮ್ಮನ ಮೇಲೆ ಆಣೆ ಇಟ್ಟಿದೀನಲ್ಲೇ ನಾನು. ನನ್ನ ಗಂಡನ ಮುಂದೆ, ಓಣಿಯೋರ ಮುಂದೆ. ನನ್ನ ಬಾಯಲ್ಲಿ ಸುಳ್ಳು ಆಣೆ ಇಡಿಸಿಬಿಟ್ಯಲ್ಲೇ ಪಾಪಿ."

ಅವರ ದನಿಗೆ ವಿನಯ್ ಸರ್ ಹೊರಗೆ ಬಂದರು. ಪರಿಸ್ಥಿತಿ ಅವರಿಗೆ ಒಂದೇ ನೋಟಕ್ಕೆ ಅರ್ಥವಾಯಿತು. ಬನ್ನಿ ಅಮ್ಮ, ಕೂತ್ಕೊಳ್ಳಿ, ಟೀ ತರಿಸ್ತೀನಿ ಅಂತ ಒಳಗೆ ಕರೆದರು. ತಾಂತ್ರಿಕ ದೋಷದಿಂದ ಹೆಸರು ಬಂದುಬಿಟ್ಟಿದೆ ಅಂತ ಹಾಕಿ ತೆಗೆಸುತ್ತೇವೆ, ನಿಮ್ಮ ಖಾತೆ ವಾಪಸು ಕೊಡುತ್ತೇವೆ, ಸಮಾರಂಭಕ್ಕೂ ನಿಮ್ಮನ್ನೇ ಕರೆಯುತ್ತೇವೆ ಅಂದರು. ಅಷ್ಟು ಸಲೀಸಾಗಿ, ಅಷ್ಟು ಮೃದುವಾಗಿ ಅಂದರು. ನಾನು ಗಿರೀಶನ ಮೇಜಿನ ಮುಂದೆ ನಿಂತು, "ಅಕ್ಕಾ, ಸಿಡಿಲು ಇವರೇ" ಅಂದೆ.

ಸೆಲ್ವಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದರು. ಸಣ್ಣ ಆಳು, ದಪ್ಪ ಕನ್ನಡಕ, ಕುತ್ತಿಗೆಗೆ ಮಫ್ಲರು.

"ಗಂಡಸರ ಆಟ ಅಂದೋನು ಇವನಾ?"

ಗಿರೀಶ ಎದ್ದು ನಿಂತ. "ನೋಡಿ, ನಾನು ಆಡಿದ್ದಕ್ಕೇ ಆಟ ಇಷ್ಟು ಚೆನ್ನಾಗಿರೋದು. ನಿಮಗೆ ಇದೆಲ್ಲ ಅರ್ಥ ಆಗಲ್ಲ."

"ಅರ್ಥ ಆಯ್ತು ಬಿಡಪ್ಪ" ಅಂದು ಅವರು ವಿನಯ್ ಸರ್ ಕಡೆ ತಿರುಗಿದರು. "ನನ್ನ ಹೆಸರು ತೆಗೀಬೇಡಿ. ಇರ್ಲಿ. ಮೋಸದಲ್ಲಿ ಗೆದ್ದಿದ್ದು ಹೌದಲ್ಲ? ಅದ್ರ ಪಕ್ಕದಲ್ಲಿ ನಿಮ್ಮೋರ ಹೆಸರೂ ಬರೀರಿ. ಈಗ್ಲೇ. ನಾನು ನೋಡ್ಬೇಕು."

"ಅದಾಗಲ್ಲ ಅಮ್ಮ, ಕಂಪನಿಗೆ ಒಂದು ರೀತಿ ಅಂತ..."

ಅವರ ಮಾತು ಮುಗಿಯುವ ಮುಂಚೆ ನಾನು ನನ್ನ ಜಾಗದಲ್ಲಿ ಕೂತು ಪಟ್ಟಿ ತೆರೆದಿದ್ದೆ. ಸಿಡಿಲು, ಆಟದ ನಿಯಮ ಮಾಡುವ ಗಿರೀಶ, ಕಂಪನಿ ನೌಕರ. ಹಂಚಿಕಡ್ಡಿ, ದೂರು ನೋಡುವ ಶೈಲಜಾ, ಕಂಪನಿ ನೌಕರಳು. ನೆರೆಯ ದಿನ ಇಬ್ಬರಿಗೂ ಮೊದಲೇ ಗೊತ್ತಿತ್ತು. ಕತ್ರಿಗೆ ಗೊತ್ತಿರಲಿಲ್ಲ. ಇಷ್ಟೇ ಬರೆದದ್ದು.

"ಶೈಲಾ, ಕೈ ತೆಗಿ ಅಲ್ಲಿಂದ!"

ಒತ್ತಿದೆ. ಗಿರೀಶನ ಜೇಬಿನಲ್ಲಿದ್ದ ಫೋನು ಟಿಣ್ ಅಂತು. ವಿನಯ್ ಸರ್ ಓಡಿಬಂದು ನನ್ನ ಕಂಪ್ಯೂಟರಿನ ವಯರನ್ನೇ ಕಿತ್ತರು. ಅಷ್ಟರಲ್ಲಿ ಅದು ಸಾವಿರಾರು ಫೋನುಗಳಿಗೆ ತಲುಪಿಯಾಗಿತ್ತು. ತಿರುಗಿ ನೋಡಿದರೆ ಸೆಲ್ವಕ್ಕ ಇರಲಿಲ್ಲ. ನಾನು ಕಿಟಕಿಗೆ ಹೋಗುವಷ್ಟರಲ್ಲಿ ಅವರು ರಸ್ತೆ ದಾಟಿದ್ದರು, ಕೊಡೆ ಬಿಚ್ಚದೆಯೇ.

ಅದೇ ದಿನ ನನ್ನನ್ನು ತೆಗೆದರು. ಪಂದ್ಯಾವಳಿ ರದ್ದಾಯಿತು. ನೌಕರರು ಯಾರೂ ಹೊಳೆಕೋಟೆ ಆಡಬಾರದು ಅಂತ ಕಂಪನಿ ದೊಡ್ಡದಾಗಿ ಪ್ರಕಟಣೆ ಹಾಕಿತು. ಅದನ್ನು ಯಾರೂ ನಂಬಲಿಲ್ಲ. ಆಮೇಲೆ ಆಡದವರು ಮಾಡಿದ ಆಟ ಹೇಗಿರುತ್ತದೋ ಹಾಗೇ ಆಯಿತಂತೆ. ಸೇತುವೆ ದಾಟದ ಹಾಗಾಯಿತು, ಬಾಗಿಲು ತೆರೆಯದ ಹಾಗಾಯಿತು, ಹೇಳಿದರೆ ಒಳಗಿನವರಿಗೆ ಏನೂ ತಿಳಿಯುತ್ತಿರಲಿಲ್ಲ. ಮರುವರ್ಷ ಕಂಪನಿಗೆ ಬೀಗ ಬಿತ್ತು. ಗಿರೀಶ ಇನ್ನೊಂದು ಊರಿನಲ್ಲಿ ಇನ್ನೊಂದು ಆಟ ಮಾಡುತ್ತಿದ್ದಾನೆ ಅಂತ ಕೇಳಿದ್ದೇನೆ. ಅದನ್ನು ಯಾವ ಹೆಸರಲ್ಲಿ ಆಡುತ್ತಾನೋ.

ನಾನು ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಟೈಪು ಮಾಡುತ್ತಾ ಚಳಿಗಾಲ ಕಳೆದೆ. ಸೆಲ್ವಕ್ಕ ಬೇರೆ ಯಾವುದೋ ಆಟದಲ್ಲಿ ಹೊಸದಾಗಿ ಪಡೆ ಕಟ್ಟಿದರು. ಹಳಬರಲ್ಲಿ ಇಪ್ಪತ್ತು ಜನ ವಾಪಸು ಬಂದರಂತೆ, ತರೀಕೆರೆಯ ಮೇಷ್ಟ್ರೂ ಸೇರಿ. ಜನವರಿಯಲ್ಲಿ ಒಂದು ಬೆಳಿಗ್ಗೆ ಜನ್ನಾಪುರದ ಬಸ್ ಸ್ಟಾಪಿನಲ್ಲಿ ಇಬ್ಬರೇ ಸಿಕ್ಕೆವು. ಐದು ತಿಂಗಳಾಗಿತ್ತು ಮಾತಾಡಿ. ಅವರು ದಾರದ ಉಂಡೆ ತರಲು ಗಾಂಧಿ ಬಜಾರಿಗೆ ಹೊರಟಿದ್ದರು, ನಾನು ಒಂದು ಇಂಟರ್‌ವ್ಯೂಗೆ. ಅದೂ ಗೇಮ್ ಕಂಪನಿಯೇ. ಏನಾದರೂ ಮಾತಾಡಬೇಕಲ್ಲ ಅಂತ ಕೇಳಿದೆ.

"ಅಕ್ಕಾ, ಆಟ ಮಾಡೋರು ಆ ಆಟ ಆಡ್ಬೇಕಾ ಬೇಡ್ವಾ ಅಂತ ಕೇಳ್ತಾರಂತೆ. ಏನ್ ಹೇಳ್ಲಿ?"

ಅವರು ರಸ್ತೆಯನ್ನೇ ನೋಡುತ್ತಾ ಉತ್ತರ ಕೊಟ್ಟರು. "ಆಡ್ಲಿ. ಯಾಕೆ ಆಡ್ಬಾರ್ದು? ಆಡ್ದೇ ಇದ್ರೆ ಅವ್ರಿಗೇನು ಗೊತ್ತಾಗುತ್ತೆ ಮಣ್ಣು? ಎದುರಿಗೆ ಬಂದು, ನಾನು ಇಂಥ ಕಡೆಯೋಳು ಅಂತ ಹೇಳಿ ಆಡ್ಲಿ. ಗುಟ್ಟು ಗೊತ್ತಿರೋ ಜಾಗದಲ್ಲಿ ಆಡದೇ ಸುಮ್ನೆ ಕೂತ್ಕೊಳ್ಳಲಿ."

"ಹಂಗೆ ಹೇಳ್ಕೊಂಡು ಬಂದ್ರೆ ನಿಮ್ಮ ಪಡೆಗೆ ಸೇರಿಸ್ಕೋತೀರಾ?"

"ಸೇರಿಸ್ಕೋತೀನಿ" ಅಂದರು. ಆಮೇಲೆ ಮೊದಲ ಸಲ ನನ್ನ ಮುಖ ನೋಡಿದರು. "ನಿನ್ನನ್ನ ಬಿಟ್ಟು ಬೇರೆ ಯಾರು ಬಂದ್ರೂ."

ಬಸ್ಸು ಬಂತು, ಇಬ್ಬರೂ ಹತ್ತಿದೆವು. ಅವರ ಪಕ್ಕದ ಸೀಟು ಖಾಲಿ ಇತ್ತು. ನಾನು ಕಂಬಿ ಹಿಡಿದುಕೊಂಡು ನಿಂತೇ ಶಿವಮೊಗ್ಗಕ್ಕೆ ಹೋದೆ.